ಮತದಾರರ ಪಟ್ಟಿಯಿಂದ ಹೆಸರು ಅಳಿಸಿಹೋಗದಂತೆ ಕಾಯುವುದು ಹೇಗೆ?

ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಕೆಲವು ತಿಂಗಳ ಮೊದಲು 6,018 ಮತದಾರರ ಹೆಸರು ತೆಗೆಯಿರಿ ಎಂಬ ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿಯೆಂದು ಕಂಡುಬಂದದ್ದು 24 ಮಾತ್ರ. ಉಳಿದ 5,994 ಅರ್ಜಿಗಳು ತಪ್ಪು ಎಂದು ತಿರಸ್ಕೃತವಾದವು. ಅರ್ಜಿದಾರರೆಂದು ಯಾರ ಹೆಸರು ನಮೂದಾಗಿತ್ತೋ ಅವರಲ್ಲಿ ಹಲವರಿಗೆ ತಮ್ಮ ಹೆಸರಿನಲ್ಲಿ ಇಂಥದ್ದು ಹೋಗಿದೆ ಎಂಬ ಸುಳಿವೇ ಇರಲಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು, ಅಂದರೆ ನಾವು ದಿನವೂ ಬಿಎಲ್‌ಒ ಎನ್ನುವವರು, ತಮ್ಮ ಸಂಬಂಧಿಕರ ಹೆಸರನ್ನೇ ಅಳಿಸುವ ಅರ್ಜಿ ಕಂಡು ವಿಚಾರಿಸಿದ್ದರಿಂದ ಇದೆಲ್ಲ ಹೊರಬಿತ್ತು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತನಿಖೆಗೆ ವಿಶೇಷ ತಂಡ ರಚಿಸಿತು.

ಅದೇ ಚುನಾವಣೆಗೆ ಮುನ್ನ ಬೆಂಗಳೂರಿನ ಶಿವಾಜಿನಗರದಲ್ಲಿ, ಖಾಸಗಿ ದೂರೊಂದರ ಬೆನ್ನಿಗೆ, ಒಂಬತ್ತು ಸಾವಿರಕ್ಕೂ ಹೆಚ್ಚು ಮತದಾರರಿಗೆ ನೋಟಿಸ್ ಹೊರಟಿತು. ಅವರಲ್ಲಿ ದೊಡ್ಡ ಪಾಲು ಮುಸ್ಲಿಮರು, ಜೊತೆಗೆ ದಲಿತರು ಮತ್ತು ಕ್ರೈಸ್ತರು ಎಂದು ಆಗ ವರದಿಯಾಯಿತು. ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ ಎಂದು ಸಂವಿಧಾನದ 325ನೇ ವಿಧಿ ಹೇಳುತ್ತದೆ. ಪಟ್ಟಿಯಲ್ಲಿ ಧರ್ಮದ ಕಾಲಂ ಇಲ್ಲ. ಆದರೆ ನಮ್ಮ ಹೆಸರು, ತಂದೆಯ ಹೆಸರು, ಬೀದಿಯ ಹೆಸರು ಓದಿದವನಿಗೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಾರ ಮತ ಬೇಡವೋ ಅವರನ್ನು ಆರಿಸಿ ತೆಗೆಯುವುದು ಸುಲಭವಾಗಿರುವುದು ಇದರಿಂದಲೇ.

ಮತಗಟ್ಟೆಯ ಬಾಗಿಲಲ್ಲಿ ದೊಣ್ಣೆ ಹಿಡಿದು ತಡೆಯುವ ಕಾಲ ಪೂರ್ತಿ ಹೋಗಿಲ್ಲ. ಆದರೂ ಇಂದು ಹೆಚ್ಚಿನವರು ಮತ ಕಳೆದುಕೊಳ್ಳುವುದು ಚುನಾವಣೆಗೆ ತಿಂಗಳುಗಳ ಮೊದಲು, ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿ, ಸದ್ದಿಲ್ಲದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಯಲ್ಲಿ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 23ನೇ ಸೆಕ್ಷನ್ ಹೀಗೆ ಬಾಗಿಲು ಹಾಕುತ್ತದೆ. ಮತದಾನದ ದಿನ ಗುರುತಿನ ಚೀಟಿ ಹಿಡಿದು ಎಷ್ಟು ವಾದಿಸಿದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಹಾಗಾಗಿ ಈ ಲೇಖನದ ಬಹುಪಾಲು ಚುನಾವಣೆ ಇಲ್ಲದ ದಿನಗಳಲ್ಲಿ ಮಾಡಬೇಕಾದ ಕೆಲಸದ ಬಗ್ಗೆ ಇದೆ.

1. ಮೊದಲು ನಿಮ್ಮ ಹೆಸರು, ನಂತರ ನಿಮ್ಮ ಬೀದಿ

ನಿಮ್ಮ ಮತದಾರರ ಗುರುತಿನ ಚೀಟಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಚುನಾವಣಾ ಆಯೋಗದ ಮತದಾರರ ಜಾಲತಾಣದಲ್ಲೋ ಅದರ ಮೊಬೈಲ್ ಆ್ಯಪ್‌ನಲ್ಲೋ ಆ ಸಂಖ್ಯೆ ಹಾಕಿದರೆ ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ತಿಳಿಯುತ್ತದೆ. ಮೊಬೈಲ್ ಬಳಕೆ ಬಾರದವರು 1950ಕ್ಕೆ ಕರೆ ಮಾಡಿ ಕೇಳಬಹುದು. ಸಂಖ್ಯೆ ಹಾಕಿದರೂ ಏನೂ ಸಿಗದಿದ್ದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಹಾಕಿ ಮತ್ತೊಮ್ಮೆ ಹುಡುಕಿ. ಆಗಲೂ ಸಿಗದಿದ್ದರೆ ಹೆಸರು ತೆಗೆದುಹೋಗಿರಬಹುದು.

ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ನನ್ನ ಬಲವಾದ ಅಭಿಪ್ರಾಯವೆಂದರೆ ನಿಜವಾದ ಕಾವಲು ಆರಂಭವಾಗುವುದೇ ಇದರ ನಂತರ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ನಿಮ್ಮ ಭಾಗದ ಇಡೀ ಪಟ್ಟಿ ಕನ್ನಡದಲ್ಲೇ ಸಿಗುತ್ತದೆ. ಅದನ್ನು ಮುದ್ರಿಸಿಕೊಳ್ಳಿ. ಒಂದು ಭಾಗವೆಂದರೆ ಹೆಚ್ಚೆಂದರೆ ಸಾವಿರದ ಇನ್ನೂರರಷ್ಟು ಮತದಾರರು, ಕೆಲವು ಬೀದಿಗಳು. ಮಸೀದಿಯ ಅಂಗಳವೋ ಚರ್ಚಿನ ಸಭಾಂಗಣವೋ ಕೇರಿಯ ಅಂಬೇಡ್ಕರ್ ಭವನವೋ, ನಾಲ್ಕು ಜನ ಸೇರುವ ಜಾಗದಲ್ಲಿ ಕುಳಿತು ಮನೆ ಸಂಖ್ಯೆಯ ಪ್ರಕಾರ ಗಟ್ಟಿಯಾಗಿ ಓದಿ. ಆ ಬೀದಿಯಲ್ಲಿ ಬಾಳಿ ಬದುಕಿದವರಿಗೆ ಯಾರಿದ್ದಾರೆ, ಯಾರು ತೀರಿಕೊಂಡಿದ್ದಾರೆ, ಯಾವ ಮಗಳು ಮದುವೆಯಾಗಿ ಹೋಗಿದ್ದಾಳೆ ಎಂಬುದು ಯಾವ ತಂತ್ರಾಂಶಕ್ಕಿಂತ ಚೆನ್ನಾಗಿ ಗೊತ್ತು.

ಓದುವಾಗ ಪಟ್ಟಿಯ ಕೊನೆಯ ಪುಟಗಳನ್ನು ಬಿಡಬೇಡಿ. ನಂತರ ಸೇರಿಸಿದ, ತೆಗೆದ ಹೆಸರುಗಳ ಪೂರಕ ಪಟ್ಟಿ ಇರುವುದು ಅಲ್ಲಿ. ತೆಗೆದ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಇಂಗ್ಲಿಷಿನ ಒಂದಕ್ಷರ ಇರುತ್ತದೆ: ‘ಇ’ ಎಂದರೆ ಮರಣ, ‘ಎಸ್’ ಎಂದರೆ ವಾಸ ಬದಲಾವಣೆ, ‘ಆರ್’ ಎಂದರೆ ಎರಡು ಬಾರಿ ನಮೂದು, ‘ಎಂ’ ಎಂದರೆ ಪತ್ತೆಯಿಲ್ಲ, ‘ಕ್ಯೂ’ ಎಂದರೆ ಅನರ್ಹ. ಮೂಲ ಪಟ್ಟಿಯಲ್ಲಿ ಅದೇ ಹೆಸರಿನ ಚೌಕದ ಮೇಲೆ ಅಳಿಸಲಾಗಿದೆ ಎಂಬ ಅಡ್ಡ ಮುದ್ರೆ ಕಾಣುತ್ತದೆ. ‘ಎಸ್’ ಮತ್ತು ‘ಎಂ’ ಅಕ್ಷರಗಳ ಮೇಲೆ ಹೆಚ್ಚು ಗಮನ ಇರಲಿ. ಸತ್ತವರೆಂದು ಬರೆದರೆ ಮರಣ ಪ್ರಮಾಣಪತ್ರ ಕೇಳಬಹುದು; ಬಿಎಲ್‌ಒ ಬಂದಾಗ ಮನೆಗೆ ಬೀಗವಿತ್ತು ಎಂಬ ಒಂದೇ ಕಾರಣಕ್ಕೆ ‘ಪತ್ತೆಯಿಲ್ಲ’ ಎಂದು ಬರೆಯುವುದು ಬಹಳ ಸುಲಭ. ಒಂದೇ ಬೀದಿಯಲ್ಲಿ, ಒಂದೇ ಸಮುದಾಯದ ಹೆಸರುಗಳ ಮುಂದೆ ಒಂದೇ ಅಕ್ಷರ ಸಾಲಾಗಿ ಬಂದಿದ್ದರೆ ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದಿನ ದೂರಿಗೆ ಅದೇ ಆಧಾರ.

2. ಹೆಸರು ಅಳಿಯುವ ಮೊದಲೇ ತಿಳಿಯುವ ದಾರಿ

ಹೆಸರು ಸೇರಿಸಲು ನಮೂನೆ 6, ತೆಗೆಯಲು ನಮೂನೆ 7, ವಿಳಾಸ ಬದಲಿಸಲು ಮತ್ತು ತಿದ್ದುಪಡಿಗೆ ನಮೂನೆ 8. ಇಷ್ಟು ಹೆಚ್ಚಿನವರಿಗೆ ಗೊತ್ತು. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ನಮೂನೆ 10. ಯಾರು ಯಾರ ಹೆಸರು ತೆಗೆಯಲು ಅರ್ಜಿ ಹಾಕಿದ್ದಾರೆ ಎಂಬುದನ್ನು ನೋಂದಣಾಧಿಕಾರಿ, ಅಂದರೆ ಕ್ಷೇತ್ರದ ಮತದಾರರ ಪಟ್ಟಿಯ ಹೊಣೆ ಹೊತ್ತವರು, ಈ ನಮೂನೆಯಲ್ಲಿ ಪಟ್ಟಿ ಮಾಡಿ ಪ್ರಕಟಿಸಬೇಕು. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಕಚೇರಿಯ ಸೂಚನಾ ಫಲಕದಲ್ಲೂ ಇದನ್ನು ನೋಡಬಹುದು. ಪರಿಷ್ಕರಣೆ ಮುಗಿದ ಮೇಲೆ ಬರುವ ಅರ್ಜಿಗಳನ್ನೂ ಫಲಕಕ್ಕೆ ಹಾಕಿ, ಏಳು ದಿನದೊಳಗೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಬೇಕು ಎಂದು 1960ರ ಮತದಾರರ ನೋಂದಣಿ ನಿಯಮಗಳು ಹೇಳುತ್ತವೆ.

ಅಂದರೆ ಅಳಿಸುವ ಪ್ರಯತ್ನ ನಿಮ್ಮ ಕಣ್ಣೆದುರೇ ನಡೆಯುತ್ತಿರುತ್ತದೆ, ನೋಡುವವರು ಬೇಕು. ಪ್ರತಿ ಭಾಗಕ್ಕೆ ಒಬ್ಬರಂತೆ ಓದುಬರಹ ಬಲ್ಲ ಯುವಕ ಯುವತಿಯರನ್ನು ಗೊತ್ತುಮಾಡಿ. ವಾರಕ್ಕೊಮ್ಮೆ ನಮೂನೆ 10 ನೋಡುವುದು ಅವರ ಕೆಲಸ. ಕರಡು ಪಟ್ಟಿ ಬಂದ ನಂತರ, ಮತ್ತು ಚುನಾವಣೆಗೆ ಆರೇಳು ತಿಂಗಳು ಇರುವಾಗ, ವಾರಕ್ಕೆ ಎರಡು ಬಾರಿ. ಒಬ್ಬರದೇ ಹೆಸರಿನಲ್ಲಿ ಇತರರ ಹೆಸರು ತೆಗೆಯಲು ಹತ್ತಾರು ಅರ್ಜಿಗಳು ಬಂದಿದ್ದರೆ ಆ ವ್ಯಕ್ತಿಯನ್ನು ನೇರವಾಗಿ, ಸೌಜನ್ಯದಿಂದ ಕೇಳಿ: ಇದನ್ನು ನೀವೇ ಹಾಕಿದ್ದೀರಾ? ಆಳಂದದ ಪ್ರಕರಣ ಗೊತ್ತಿದ್ದವರು ಅವರ ಮೇಲೆ ಮೊದಲೇ ಸಿಟ್ಟಾಗುವುದಿಲ್ಲ. ಅವರ ಹೆಸರೂ ಕಳುವಾಗಿರಬಹುದು. ಹಾಗಿದ್ದರೆ ಅವರಿಂದಲೇ ಒಂದು ಹೇಳಿಕೆ ಬರೆಸಿಕೊಳ್ಳಿ.

ನಮೂನೆ 7 ಹಾಕುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಸುಳ್ಳು ಘೋಷಣೆ ಮಾಡಿದರೆ 1950ರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ ಆಗಬಹುದು. ಕರ್ತವ್ಯಲೋಪ ಎಸಗಿದ ಅಧಿಕಾರಿಗೆ 32ನೇ ಸೆಕ್ಷನ್‌ನಲ್ಲಿ ಕನಿಷ್ಠ ಮೂರು ತಿಂಗಳ ಶಿಕ್ಷೆ ಇದೆ. ದೂರು ಬರೆಯುವಾಗ ಈ ಎರಡು ಸೆಕ್ಷನ್‌ಗಳನ್ನು ನಮೂದಿಸಿ; ಅರ್ಜಿಯನ್ನು ಓದುವ ರೀತಿಯೇ ಬದಲಾಗುತ್ತದೆ.

3. ಬಾಗಿಲಿಗೆ ಬಂದವರು ಯಾರು?

2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಚಿಲುಮೆ ಸಂಸ್ಥೆಯ ಪ್ರಕರಣ ಹೊರಬಂತು. ಖಾಸಗಿ ಸಂಸ್ಥೆಯ ಸಿಬ್ಬಂದಿ ಬಿಎಲ್‌ಒಗಳೆಂದು ಹೇಳಿಕೊಂಡು ಮನೆಮನೆಯಲ್ಲಿ ಮತದಾರರ ಮಾಹಿತಿ ಸಂಗ್ರಹಿಸಿದರು ಎಂಬುದು ಆರೋಪ. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸುವಂತೆ ಚುನಾವಣಾ ಆಯೋಗ ಆದೇಶಿಸಿತು.

ಹಾಗಾಗಿ ಸಮೀಕ್ಷೆಯೆಂದು ಬಂದವರ ಗುರುತಿನ ಚೀಟಿ ಕೇಳಿ ನೋಡಿ. ನಿಮ್ಮ ಭಾಗದ ಬಿಎಲ್‌ಒ ಹೆಸರು ಮತ್ತು ಮೊಬೈಲ್ ಸಂಖ್ಯೆ ಆಯೋಗದ ಜಾಲತಾಣದಲ್ಲೇ ಇದೆ. ಬರೆದು ಬಾಗಿಲ ಹಿಂದೆ ಅಂಟಿಸಿ. ಅವರು ಸಾಮಾನ್ಯವಾಗಿ ನಿಮ್ಮೂರಿನ ಶಾಲಾ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ, ಬಹುಪಾಲು ಪ್ರಾಮಾಣಿಕರು, ಮೈತುಂಬ ಕೆಲಸದವರು. ಅವರೊಂದಿಗೆ ಪರಿಚಯ ಇರುವುದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಆಧಾರ್ ಸಂಖ್ಯೆಯನ್ನು ಮತದಾರರ ಪಟ್ಟಿಗೆ ಜೋಡಿಸುವ ನಮೂನೆ 6-ಬಿ ಐಚ್ಛಿಕ. ಅದನ್ನು ಕೊಡಲಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವಂತಿಲ್ಲ.

4. ನೋಟಿಸ್ ಬಂದರೆ

ಹೆದರಿ ಮಡಚಿ ಒಳಗಿಡಬೇಡಿ. ನೋಟಿಸ್ ಎಂದರೆ ಹೆಸರು ಹೋಯಿತೆಂದಲ್ಲ. ಅದು ಇನ್ನೂ ಇದೆ ಎಂದೇ ಅರ್ಥ. ವಾಸ ಬಿಟ್ಟಿದ್ದಾರೆ ಅಥವಾ ಅರ್ಹರಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಲು ನ್ಯಾಯವಾದ ಅವಕಾಶ ಕೊಡಲೇಬೇಕು ಎಂದು ಅದೇ 1950ರ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿ ಮತ್ತು ಮುಂಬೈಯ ಮತದಾರರನ್ನು ಸಾರಾಸಗಟಾಗಿ ವಿದೇಶಿಯರೆಂದು ಶಂಕಿಸಿ ನೋಟಿಸ್ ಕೊಟ್ಟಿದ್ದ ಪ್ರಕರಣ ಅದು. ಹಿಂದಿನ ಪಟ್ಟಿಯಲ್ಲಿ ಹೆಸರಿದ್ದವರನ್ನು ಸರಿಯಾದ ವಿಚಾರಣೆಯ ನಂತರವೇ ಸೇರಿಸಲಾಗಿದೆ ಎಂದು ಭಾವಿಸಬೇಕು, ಅವರು ತೋರಿಸುವ ದಾಖಲೆಗಳನ್ನೆಲ್ಲ ಅಧಿಕಾರಿ ಪರಿಗಣಿಸಬೇಕು ಎಂದು ನ್ಯಾಯಾಲಯ ಹೇಳಿತು. ಶಂಕೆಯ ಮೇಲೆ ನೋಟಿಸ್ ಬಂದವರು ಉತ್ತರದಲ್ಲಿ ಈ ತೀರ್ಪಿನ ಹೆಸರು ಬರೆಯಲೇಬೇಕು.

ಉತ್ತರ ಒಂದು ಪುಟ ಮೀರಬೇಕಾಗಿಲ್ಲ. ಮಾದರಿ ಹೀಗಿರಲಿ:

“ಮತದಾರರ ನೋಂದಣಾಧಿಕಾರಿಗಳಿಗೆ. ನನ್ನ ಹೆಸರು ಭಾಗ ಸಂಖ್ಯೆ __, ಕ್ರಮ ಸಂಖ್ಯೆ __ರಲ್ಲಿದೆ. ನಾನು ಮೇಲಿನ ವಿಳಾಸದಲ್ಲೇ ವಾಸವಾಗಿದ್ದೇನೆ. ಹೆಸರು ತೆಗೆಯಲು ನಾನು ಅರ್ಜಿ ಕೊಟ್ಟಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ. ಆಕ್ಷೇಪಣೆ ಸಲ್ಲಿಸಿದವರ ಅರ್ಜಿಯ ಪ್ರತಿ ಮತ್ತು ಅವರು ಕೊಟ್ಟ ಪುರಾವೆಯ ಪ್ರತಿಯನ್ನು ನನಗೆ ಕೊಡಬೇಕು. ವಿಚಾರಣೆಯಿಲ್ಲದೆ, ಲಿಖಿತ ಆದೇಶವಿಲ್ಲದೆ ಹೆಸರು ತೆಗೆಯಬಾರದೆಂದು ಕೋರುತ್ತೇನೆ.”

ಜೊತೆಗೆ ಪಡಿತರ ಚೀಟಿ, ವಿದ್ಯುತ್ ಬಿಲ್, ಬ್ಯಾಂಕ್ ಪಾಸ್‌ಬುಕ್, ಬಾಡಿಗೆ ಕರಾರು, ಇವುಗಳಲ್ಲಿ ಇರುವುದನ್ನು ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟರೂ ಕೊಡದಂತೆಯೇ. ಕಚೇರಿಯಲ್ಲಿ ತೆಗೆದುಕೊಳ್ಳಲು ಹಿಂಜರಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ವಿಚಾರಣೆಯ ದಿನ ಕೂಲಿ ತಪ್ಪುತ್ತದೆಂದು ಹೋಗದೇ ಉಳಿಯುವವರು ಬಹಳ. ಅಂಥ ಹತ್ತು ಜನರನ್ನು ಒಂದೇ ಟೆಂಪೊದಲ್ಲಿ ಕರೆದೊಯ್ದರೆ ಹತ್ತು ಮತ ಉಳಿಯುತ್ತದೆ.

ದುಡಿಯಲು ಹೊರಗೆ ಹೋದವರಿಗೆ ಒಂದು ಮಾತು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬೆಂಗಳೂರು, ಗೋವಾ, ಮುಂಬೈಗೆ ಗುಳೆ ಹೋಗುವವರ ಹೆಸರಿನ ಮುಂದೆ ‘ವಾಸ ಬದಲಾವಣೆ’ ಎಂದು ಬರೆಯುವುದು ಸಾಮಾನ್ಯ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಅಲ್ಲಿನ ಸಾಮಾನ್ಯ ವಾಸ ತಪ್ಪುವುದಿಲ್ಲ ಎಂದು 20ನೇ ಸೆಕ್ಷನ್‌ನಲ್ಲೇ ಇದೆ. ಉತ್ತರದಲ್ಲಿ ಅದನ್ನು ಬರೆಯಿರಿ. ನಿಜವಾಗಿಯೂ ನೆಲೆ ಬದಲಿಸಿದವರು ನಮೂನೆ 8 ಕೊಟ್ಟು ಹೊಸ ಊರಿಗೆ ಹೆಸರು ವರ್ಗಾಯಿಸಿಕೊಳ್ಳಿ. ಎರಡೂ ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಅಷ್ಟೇ ಅಲ್ಲ, ಬೀದಿಯ ಉಳಿದವರ ಮೇಲೂ ಅನುಮಾನ ತರುತ್ತದೆ. ಭಟ್ಕಳ, ಉಡುಪಿ, ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋದವರು ಭಾರತದ ಪೌರತ್ವ ಉಳಿಸಿಕೊಂಡಿದ್ದರೆ ನಮೂನೆ 6-ಎ ಮೂಲಕ ಊರಿನ ಪಟ್ಟಿಯಲ್ಲೇ ಇರಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಸಮೇತ ಊರಿಗೇ ಬರಬೇಕು.

5. ಹೆಸರು ಹೋಗಿಯೇ ಬಿಟ್ಟಿದ್ದರೆ

ಎರಡು ಕೆಲಸ ಒಟ್ಟಿಗೆ ಮಾಡಿ. ಮತ ಉಳಿಯಲು ನಮೂನೆ 6 ಸಲ್ಲಿಸಿ. ಹಳೆಯ ಗುರುತಿನ ಚೀಟಿಯ ಸಂಖ್ಯೆ ಮತ್ತು ಹೆಸರು ಅಳಿದ ವಿಷಯವನ್ನು ಪ್ರತ್ಯೇಕ ಪತ್ರದಲ್ಲಿ ಬರೆದು ಜೋಡಿಸಿ. ನ್ಯಾಯ ಕೇಳಲು ಮೇಲ್ಮನವಿ ಹಾಕಿ. ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅವರ ಆದೇಶದ ವಿರುದ್ಧ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಹೋಗಬಹುದು. ಆದೇಶವೇ ಕೈಸೇರಿಲ್ಲವಾದರೆ ಅದನ್ನೇ ಮೊದಲ ಆಧಾರವಾಗಿ ಬರೆಯಿರಿ. ಮಾಹಿತಿ ಹಕ್ಕಿನಡಿ ನಮೂನೆ 7ರ ಪ್ರತಿ, ಬಿಎಲ್‌ಒ ವರದಿ ಮತ್ತು ನೋಟಿಸ್ ಜಾರಿಯಾದ ದಾಖಲೆ ಕೇಳಿ. ಹೊಸ ಅರ್ಜಿಯೊಂದನ್ನೇ ಹಾಕಿ ಸುಮ್ಮನಾದರೆ ಅಳಿಸಿದವರು ಯಾರೆಂಬುದು ಎಂದಿಗೂ ತಿಳಿಯುವುದಿಲ್ಲ, ಮುಂದಿನ ಬಾರಿ ಅವರೇ ಮತ್ತೆ ಅಳಿಸುತ್ತಾರೆ.

6. ಹೆಸರಿನ ಕಾಗುಣಿತ, ಹೆಣ್ಣುಮಕ್ಕಳ ವಿಳಾಸ, ಮನೆಯಿಲ್ಲದವರು

ಶೇಕ್, ಶೇಖ್, ಷೇಕ್. ಬಿ, ಬೀ, ಬೇಗಂ, ಬಾನು. ಒಬ್ಬಾಕೆಯ ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು. ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದ ತಪ್ಪಿಗೆ ಆಕೆ ಸಂಶಯಿತಳಾಗುತ್ತಾಳೆ. ಚುನಾವಣೆ ದೂರವಿರುವಾಗಲೇ ನಮೂನೆ 8ರಲ್ಲಿ ತಿದ್ದಿಸಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲಿ ಅಳಿದು ಇಲ್ಲಿ ಸೇರದೆ ಉಳಿಯುವುದು ಎಲ್ಲ ಸಮುದಾಯಗಳಲ್ಲೂ ಇದೆ. ತವರಿನ ನಮೂದು ತೆಗೆಯಲು ಬಿಡದೆ ನಮೂನೆ 8ರಿಂದಲೇ ವರ್ಗಾಯಿಸಿದರೆ ನಡುವೆ ಹೆಸರು ಕಳೆಯುವುದಿಲ್ಲ.

ಬೀದಿಬದಿ ಮಲಗುವವರಿಗೆ, ಡೇರೆಗಳಲ್ಲಿರುವ ಅಲೆಮಾರಿ ಕುಟುಂಬಗಳಿಗೆ ವಿಳಾಸದ ದಾಖಲೆ ಇಲ್ಲ ಎಂದು ಅರ್ಜಿ ತಿರಸ್ಕರಿಸುವಂತಿಲ್ಲ. ಬಿಎಲ್‌ಒ ರಾತ್ರಿ ಹೋಗಿ ಅವರು ಅಲ್ಲೇ ಮಲಗುತ್ತಾರೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು ಎಂಬುದು ಆಯೋಗದ್ದೇ ಸೂಚನೆ.

ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಮನೆಮನೆಗೆ ಹೋಗಿ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವ ಕೆಲಸದ ಬಗ್ಗೆಯೂ ಎಚ್ಚರವಿರಲಿ. 2025ರಲ್ಲಿ ಬಿಹಾರದಲ್ಲಿ ಇದು ನಡೆದಾಗ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಆ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸುವಂತೆ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಆಧಾರ್ ಅನ್ನೂ ಗುರುತಿನ ದಾಖಲೆಯಾಗಿ ಸ್ವೀಕರಿಸಲು ಹೇಳಿತು. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆ 2002ರದ್ದು. ಆ ಪಟ್ಟಿಯಲ್ಲಿ ನಿಮ್ಮದೋ ತಂದೆತಾಯಿಯದೋ ಹೆಸರು ಹುಡುಕಿ, ಆ ಪುಟದ ಮುದ್ರಿತ ಪ್ರತಿಯನ್ನು ಮನೆಯ ಪತ್ರಗಳ ಜೊತೆ ಇಡಿ.

7. ಮತದಾನದ ದಿನ

ಪಟ್ಟಿಯಲ್ಲಿ ಹೆಸರಿದ್ದು ಗುರುತಿನ ಚೀಟಿ ಕಳೆದಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಚಾಲನಾ ಪರವಾನಗಿ, ಪಾನ್, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಒಂದು ಸಾಕು. ಮನೆಗೆ ಬರುವ ಮತದಾರರ ಚೀಟಿ ಒಂದೇ ಗುರುತಾಗುವುದಿಲ್ಲ.

“ನಿಮ್ಮ ಹೆಸರು ಗೈರು, ಸ್ಥಳಾಂತರ, ಮೃತರ ಪಟ್ಟಿಯಲ್ಲಿದೆ, ಹೋಗಿ” ಎಂದು ಯಾರಾದರೂ ಹೇಳಿದರೆ ಹಿಂದಿರುಗಬೇಡಿ. ಮತದಾರರ ಪಟ್ಟಿಯಲ್ಲಿ ಹೆಸರು ಉಳಿದವರ ಹೆಚ್ಚಿನ ಪರಿಶೀಲನೆಗೆ ಮಾತ್ರ ಆ ಪಟ್ಟಿ ಇರುವುದು. ದಾಖಲೆ ತೋರಿಸಿ, ಸಹಿಯ ಜೊತೆಗೆ ಹೆಬ್ಬೆಟ್ಟು ಒತ್ತಿ ನೀವು ಮತ ಹಾಕಬಹುದು. ಇದು ಗೊತ್ತಿಲ್ಲದೆ ಮರಳಿದವರನ್ನು ನೆನೆದರೆ ಸಂಕಟವಾಗುತ್ತದೆ. ಯಾವುದೇ ಪಕ್ಷದ ಏಜೆಂಟ್ ನಿಮ್ಮ ಗುರುತನ್ನು ಪ್ರಶ್ನಿಸಬೇಕಾದರೆ ಪ್ರತಿ ಬಾರಿಯೂ 2 ರೂಪಾಯಿ ಠೇವಣಿ ಇಟ್ಟು ಮತಗಟ್ಟೆ ಅಧ್ಯಕ್ಷಾಧಿಕಾರಿಯ ಮುಂದೆ ಸವಾಲು ಹಾಕಬೇಕು. ತೀರ್ಮಾನ ಅಧಿಕಾರಿಯದು, ಏಜೆಂಟನದಲ್ಲ.

ಬುರ್ಖಾ, ಸೆರಗು ಸರಿಸಿ ಮುಖ ನೋಡುವ ಅಧಿಕಾರ ಅಭ್ಯರ್ಥಿಗೂ ಇಲ್ಲ, ಕಾರ್ಯಕರ್ತನಿಗೂ ಇಲ್ಲ. ಮಹಿಳಾ ಸಿಬ್ಬಂದಿ ಮರೆಯಲ್ಲಿ, ಘನತೆಗೆ ಕುಂದಿಲ್ಲದಂತೆ ಗುರುತು ನೋಡಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಹೈದರಾಬಾದಿನ ಅಭ್ಯರ್ಥಿಯೊಬ್ಬರು ಮುಸ್ಲಿಂ ಮಹಿಳೆಯರ ಮುಸುಕು ತೆಗೆಸಿ ಪರಿಶೀಲಿಸಿದ್ದಕ್ಕೆ ಪೊಲೀಸರು ಪ್ರಕರಣ ದಾಖಲಿಸಿದರು.

ಬೆದರಿಕೆ ಬಂದರೆ ವಿಡಿಯೊ ಅಥವಾ ಫೋಟೊ ತೆಗೆದು ಚುನಾವಣಾ ಆಯೋಗದ ಸಿ-ವಿಜಿಲ್ ದೂರು ವ್ಯವಸ್ಥೆಯಲ್ಲಿ ಹಾಕಿ. ನೀತಿಸಂಹಿತೆ ಜಾರಿಯಲ್ಲಿರುವಾಗ ಅದು ಕೆಲಸ ಮಾಡುತ್ತದೆ. ದಲಿತರನ್ನೋ ಆದಿವಾಸಿಗಳನ್ನೋ ಮತ ಹಾಕದಂತೆ, ಇಂಥವರಿಗೇ ಹಾಕುವಂತೆ ಹೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಮತದಾನ ಮುಗಿಯುವ ಹೊತ್ತಿಗೆ ಸರದಿಯಲ್ಲಿ ನಿಂತವರೆಲ್ಲರಿಗೂ ಚೀಟಿ ಕೊಟ್ಟು ಮತ ಹಾಕಿಸಬೇಕು, ಎಷ್ಟೇ ಕತ್ತಲಾದರೂ.

ಒಳಗೆ ಹೋದಾಗ ನಿಮ್ಮ ಮತವನ್ನು ಬೇರೆಯವರು ಹಾಕಿಬಿಟ್ಟಿದ್ದರೆ ಟೆಂಡರ್ ಮತಪತ್ರ ಕೇಳಿ, ನಮೂನೆ 17-ಬಿಯಲ್ಲಿ ಸಹಿ ಹಾಕಿ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ, ಸಾಮಾನ್ಯ ಎಣಿಕೆಗೆ ಸೇರಿಸುವುದಿಲ್ಲ. ಹಾಗಿದ್ದರೂ ಕೇಳಿ ಹಾಕಿ. 2004ರಲ್ಲಿ ಸಂತೇಮರಹಳ್ಳಿಯ ಫಲಿತಾಂಶ ಒಂದೇ ಮತದ ಅಂತರದಲ್ಲಿ ನಿರ್ಧಾರವಾಯಿತು, 2023ರಲ್ಲಿ ಜಯನಗರದಲ್ಲಿ ಅಂತರ 16. ಇಂಥ ಕಡೆ ಪ್ರತಿಯೊಂದು ಟೆಂಡರ್ ಮತವೂ ಸಾಕ್ಷ್ಯ. ಫಲಿತಾಂಶ ಪ್ರಕಟವಾದ 45 ದಿನದೊಳಗೆ ಆ ಕ್ಷೇತ್ರದ ಯಾವ ಮತದಾರರು ಬೇಕಾದರೂ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು.